ಒಂದೇ ಬೆಟ್ಟ, ತಿಂಗಳಿಗೊಂದು ಕಾಡು

ಆರಿದ್ರೆ ಮಳೆ ಬಿಡುವು ಕೊಡದೆ ಹೊಯ್ಯುತ್ತಿದೆ. ಹಳ್ಳ ಉಕ್ಕಿ ತೋಟಕ್ಕೆ ನುಗ್ಗುವುದೊಂದು ಬಾಕಿ. ಹಂಚಿನಿಂದ ಇಳಿಯುವ ನೀರಿನ ಸದ್ದಿಗೆ ಜಗಲಿಯಲ್ಲಿ ಪಕ್ಕ ಕೂತವರ ಮಾತೂ ಕೇಳಿಸದು. ಹಕ್ಕಿ ನೋಡುವ ಹುಚ್ಚಿನವರೆಲ್ಲ ಬೈನಾಕ್ಯುಲರಿಗೆ ಬೂಷ್ಟು ಹಿಡಿಯದಂತೆ ಪೆಟ್ಟಿಗೆಗೆ ಹಾಕಿ, ಇನ್ನು ದಸರೆ ಕಳೆಯಲಿ ಎಂದು ಸುಮ್ಮನಾಗುವ ಕಾಲ ಇದು. ಸರಿಯಾಗಿ ಈ ಹೊತ್ತಿಗೇ, ತೋಟದ ಕಾದಿಗೆಯ ಮೇಲೆ, ಮೊಣಕಾಲೆತ್ತರದಲ್ಲಿ, ಬಣ್ಣದ ಗೆರೆಯೊಂದು ಚೀರುತ್ತ ಹಾದುಹೋಯಿತು! ಕಿತ್ತಳೆಯೋ, ನೇರಳೆಯೋ, ನೀಲಿಯೋ ಎಂದು ಕಣ್ಣು ತೀರ್ಮಾನಿಸುವಷ್ಟರಲ್ಲಿ ಅದು ಇಲ್ಲ.

ಮತ್ತೆ ಕಂಡಾಗ ಅದು ಧರೆಯಿಂದ ಹೊರಚಾಚಿದ ಬೇರಿನ ಮೇಲೆ ಕೂತಿತ್ತು. ಹವಳದ ಬಣ್ಣದ ಉದ್ದ ಕೊಕ್ಕು, ಹಳದಿ ಹೊಟ್ಟೆ, ಕಿತ್ತಳೆ ತಲೆಯ ಮೇಲೆ ನೇರಳೆಯ ಮಿರುಗು, ಕಡುನೀಲಿ ಬೆನ್ನು. ಇಷ್ಟೆಲ್ಲ ಬಣ್ಣ ಹೊತ್ತ ಹಕ್ಕಿಯ ಉದ್ದ, ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ, ಸುಮಾರು 13 ಸೆಂಟಿಮೀಟರ್. ಮೂರು ಬೆರಳಿನ ಮಿಂಚುಳ್ಳಿ! ನಮ್ಮ ಕೆರೆ ದಂಡೆಯ ಮಿಂಚುಳ್ಳಿಗಳೆಲ್ಲ ನೀರು ತಿಳಿಯಾಗಲಿ, ಮೀನು ಕಾಣಲಿ ಎಂದು ಕಾಯುತ್ತವೆ. ಈ ಪುಟಾಣಿ ಮಾತ್ರ ಜಗತ್ತೆಲ್ಲ ಕೆಸರಾಗಲಿ ಎಂದು ಕಾಯುತ್ತದೆ. ಮೊದಲ ಮಳೆಯ ಹಿಂದೆಯೇ ಬಂದು, ನೆನೆದು ಮೆತ್ತಗಾದ ಮಣ್ಣಿನ ಧರೆಗೆ ಹಾರಿ ಹಾರಿ ಕೊಕ್ಕು ಕುಟ್ಟಿ, ತನ್ನ ಮೈಯ ಹಲವು ಪಟ್ಟು ಉದ್ದದ ಸುರಂಗ ಕೊರೆಯುತ್ತದೆ. ಸುರಂಗದ ಕೊನೆಯ ಕತ್ತಲ ಕೋಣೆಯಲ್ಲಿ ಮೊಟ್ಟೆ. ಹೊರಗೆ ಏಡಿಮರಿ, ಕಪ್ಪೆಮರಿ, ಹಾವುರಾಣಿ, ಜೇಡಗಳ ಸುಗ್ಗಿ. ಮೀನೊಂದೇ ಊಟ ಎಂಬ ಹಟ ಈ ಮಿಂಚುಳ್ಳಿಗೆ ಇಲ್ಲ. ತನ್ನ ಅರ್ಧದಷ್ಟು ಉದ್ದದ ಹಾವುರಾಣಿಯನ್ನು ಕೊಕ್ಕಿನಲ್ಲಿ ಅಡ್ಡ ಹಿಡಿದು, ಕಲ್ಲಿಗೆ ರಪರಪನೆ ಬಡಿದು ಸುರಂಗದೊಳಗೆ ಒಯ್ಯುವುದನ್ನು ನೋಡಿದರೆ, ಇಷ್ಟು ಸಣ್ಣ ಜೀವಕ್ಕೆ ಇಷ್ಟು ಧೈರ್ಯ ಯಾರು ತುಂಬಿದರು ಎನಿಸದೆ ಇರದು.

ಇನ್ನು ಆ ಧರೆಯ ಕತೆ ಕೇಳಿ. ಅದು ಗುಡ್ಡ ತಾನಾಗಿ ಕುಸಿದು ಆದದ್ದಲ್ಲ. ಅಡಿಕೆ ಮರದ ಬುಡಕ್ಕೆ ಹೊಸ ಮಣ್ಣು ಬೇಕು. ಆ ಮಣ್ಣಿಗಾಗಿ ತಲೆಮಾರುಗಳಿಂದ ಅಗೆದು ಅಗೆದು ನೆಟ್ಟಗೆ ನಿಂತ ಗೋಡೆ ಅದು. ಮನುಷ್ಯ ತನ್ನ ತೋಟಕ್ಕೆಂದು ಕಡಿದ ಮಣ್ಣಿನ ಗೋಡೆಯೇ ಮಿಂಚುಳ್ಳಿಯ ಬಾಣಂತಿಕೋಣೆ!

ಇದು ಸಿರಸಿ ಸೀಮೆಯಲ್ಲಿ ಸೋದರತ್ತೆಯ ಮನೆಯ ತೋಟ. ತಗ್ಗಿನಲ್ಲಿ ಅಡಿಕೆ, ಅದರ ನಡುವೆ ಬಾಳೆ, ಏಲಕ್ಕಿ, ಮರಕ್ಕೆ ಹಬ್ಬಿದ ಕಾಳುಮೆಣಸು. ತೋಟದ ತಲೆಯ ಮೇಲೆ ಸೊಪ್ಪಿನ ಬೆಟ್ಟ. ಹೊರಗಿನವರಿಗೆ ಈ ಬೆಟ್ಟದ ವ್ಯವಹಾರ ವಿಚಿತ್ರವಾಗಿ ಕಾಣಬಹುದು: ನೆಲ ಸರ್ಕಾರದ್ದು, ಅದರ ಸೊಪ್ಪು ಮತ್ತು ದರಕಿನ, ಅಂದರೆ ಉದುರಿದ ಒಣ ಎಲೆಯ, ಸವಲತ್ತು ತೋಟಿಗರದ್ದು. ಬ್ರಿಟಿಷರ ಕಾಲದಿಂದ ಕಾಗದಪತ್ರದಲ್ಲಿ, ಅದಕ್ಕೂ ಬಹಳ ಹಿಂದಿನಿಂದ ರೂಢಿಯಲ್ಲಿ ನಡೆದುಬಂದ ಏರ್ಪಾಟು. ಮತ್ತಿ, ಹೊನ್ನೆ, ನಂದಿ, ನೇರಲು, ಕವಲು ಮರಗಳ ಟೊಂಗೆ ಸವರಿ ಸೊಪ್ಪು ತರುತ್ತಾರೆ, ಬೇಸಿಗೆಯಲ್ಲಿ ನೆಲದ ದರಕು ಗುಡಿಸುತ್ತಾರೆ. ಅದು ಕೊಟ್ಟಿಗೆಗೆ ಹೋಗುತ್ತದೆ, ಗೊಬ್ಬರವಾಗುತ್ತದೆ, ತೋಟಕ್ಕೆ ಇಳಿಯುತ್ತದೆ. ಇದನ್ನು ಕಾಡು ಎನ್ನಲು ಅರಣ್ಯದವರು ಅನುಮಾನಿಸುತ್ತಾರೆ, ತೋಟ ಎನ್ನಲು ರೈತರು ಒಪ್ಪುವುದಿಲ್ಲ. ಎರಡೂ ಅಲ್ಲದ ಈ ಜಾಗದಲ್ಲಿ ಹಕ್ಕಿಗಳೇನು ಮಾಡುತ್ತಿವೆ?

ಈ ಪ್ರಶ್ನೆಗೆ 2008ರಲ್ಲಿ ಬಂದ ಉತ್ತರ ಓದಿದ ದಿನ ನಾನು ಕುರ್ಚಿಯಿಂದ ಎದ್ದು ಓಡಾಡಿದ್ದೆ. ಜೈ ರಂಗನಾಥನ್, ರಂಜಿತ್ ಡೇನಿಯಲ್ಸ್, ಎಂ.ಡಿ. ಸುಭಾಷ್ ಚಂದ್ರನ್, ಪಾಲ್ ಎರ್ಲಿಕ್ ಮತ್ತು ಗ್ರೆಚನ್ ಡೈಲಿ ಸೇರಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬರೆದ ಲೇಖನ ಅದು. ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬಿಡದೆ ಸಾಗುವಳಿಯಾದ ಈ ಸೀಮೆಯಲ್ಲಿ, ಇಲ್ಲಿನ ಸಹಜ ಕಾಡಿನ ಹಕ್ಕಿ ಜಾತಿಗಳಲ್ಲಿ ಶೇಕಡಾ 90ರಷ್ಟು ಅಡಿಕೆ ತೋಟದ ವ್ಯವಸ್ಥೆಯಲ್ಲಿ ಉಳಿದುಕೊಂಡಿವೆ! ತೊಂಬತ್ತು! ಕಾರಣಗಳನ್ನೂ ಅವರು ಹುಡುಕಿದ್ದರು. ಒಂದು, ತೋಟದಲ್ಲಿ ಅಡಿಕೆಯ ಜೊತೆ ಬೇರೆ ಬೇರೆ ಎತ್ತರದ ಗಿಡಮರಗಳು ಅಂತಸ್ತು ಅಂತಸ್ತಾಗಿ ಬೆಳೆದಿರುವುದು. ಇನ್ನೊಂದು, ಸೊಪ್ಪಿಗೆ ಬೇಕು ಎಂಬ ಒಂದೇ ಕಾರಣಕ್ಕೆ ಪಕ್ಕದ ಬೆಟ್ಟವನ್ನು ಕಡಿಯದೆ ಬಿಟ್ಟಿರುವುದು. ಹಕ್ಕಿಯ ಮೇಲಿನ ಕರುಣೆಯಿಂದಲ್ಲ, ಗೊಬ್ಬರದ ಆಸೆಯಿಂದ! ನನಗಂತೂ ಇದು ಯಾವ ದಯೆಯ ಕತೆಗಿಂತಲೂ ಹೆಚ್ಚು ನಂಬಿಕೆ ಹುಟ್ಟಿಸುವ ಸಂಗತಿ. ದಯೆ ಒಂದು ತಲೆಮಾರಿಗೆ ಬತ್ತಬಹುದು, ತೋಟಕ್ಕೆ ಗೊಬ್ಬರ ಪ್ರತಿ ವರ್ಷ ಬೇಕು.

ಹಾಗೆಂದು ಈ ಜಿಲ್ಲೆಯ ಹಕ್ಕಿಗಳನ್ನು ಮೊನ್ನೆ ಮೊನ್ನೆ ಯಾರೋ ಕಂಡುಹಿಡಿದರು ಎಂದುಕೊಳ್ಳಬೇಡಿ. ಇಲ್ಲಿ ಕಲೆಕ್ಟರ್ ಆಗಿದ್ದ ಜೆ. ಡೇವಿಡ್‌ಸನ್, ಉತ್ತರ ಕನ್ನಡದ ಹಕ್ಕಿಗಳ ಬಗ್ಗೆ 1898ರಲ್ಲೇ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದಿದ್ದ. ಕಂದಾಯದ ಕಡತದ ನಡುವೆ ಗೂಡು, ಮೊಟ್ಟೆ ಹುಡುಕುವ ಕಲೆಕ್ಟರ್! ಅಂಥವರು ಇಂದು ಸಿಕ್ಕರೆ ಅರ್ಜಿ ಹಿಡಿದು ಕಾದು ಕೂತವರ ಗತಿ ಏನೋ.

ಮಳೆಗಾಲದ ಇನ್ನೊಬ್ಬ ಒಡೆಯ ಸಿಳ್ಳಾರ. ನಸುಕಿನಲ್ಲಿ, ಹಳ್ಳದ ಮೊರೆತದ ನಡುವಿಂದ, ಯಾರೋ ಹುಡುಗ ರಾಗ ಮರೆತು ಮರೆತು ಸಿಳ್ಳೆ ಹಾಕುತ್ತಾನೆ. ಒಂದು ಸಾಲು ಏರುತ್ತದೆ, ನಡುವೆ ಜಾರುತ್ತದೆ, ಮತ್ತೆಲ್ಲಿಂದಲೋ ಹಿಡಿದುಕೊಳ್ಳುತ್ತದೆ. ಕಡುನೀಲಿ ಮೈ, ಹಣೆ ಹೆಗಲುಗಳ ಮೇಲೆ ಹೊಳೆಯುವ ನೀಲಿ ಪಟ್ಟಿ. ನೀರಿನ ಅಬ್ಬರವನ್ನು ಮೀರಿ ಕೇಳಿಸುವ ಗಂಟಲು. ಬೇರೆ ಹಕ್ಕಿಗಳೆಲ್ಲ ಬಾಯಿ ಮುಚ್ಚಿ ಮುದುಡಿ ಕೂತ ತಿಂಗಳುಗಳಲ್ಲಿ ಈತನ ಕಛೇರಿ.

ಗಣಪತಿ ಹಬ್ಬದ ಆಚೀಚೆ ಮಳೆ ಸ್ವಲ್ಪ ಕಣ್ಣು ಬಿಡುತ್ತದೆ. ಅಂಗಳದ ಪಾಚಿಯ ಮೇಲೆ ಬಾಲ ಕುಣಿಸುತ್ತ ಕುಂಡೆಕುಸ್ಕ ಇಳಿಯಿತೆಂದರೆ ಬಾಗಿಲು ತೆರೆದಂತೆ. ಬೂದು ಬೆನ್ನು, ಹಳದಿ ಹೊಟ್ಟೆಯ ಈ ಹಕ್ಕಿ ಉತ್ತರದಿಂದ ಬರುವ ವಲಸಿಗರಲ್ಲಿ ಮೊದಲನೆಯದು. ಅದರ ಹಿಂದೆಯೇ, ಯಾರ ಗಮನಕ್ಕೂ ಬಾರದಂತೆ, ಈ ವರ್ಷಚಕ್ರದ ಅತಿ ದೊಡ್ಡ ಅಚ್ಚರಿ ಬರುತ್ತದೆ. ಗಾತ್ರದಲ್ಲಿ ಅದು ಅತಿ ಸಣ್ಣದು.

ಏಳೆಂಟು ಗ್ರಾಂ. ಅಟ್ಟದ ಮೇಲಿನ ಚಾಲಿ ಅಡಿಕೆಯೊಂದನ್ನು ಅಂಗೈಯಲ್ಲಿಟ್ಟುಕೊಳ್ಳಿ, ಹೆಚ್ಚುಕಡಿಮೆ ಅಷ್ಟೇ ಭಾರ. ಹಸಿರು ಎಲೆ ಉಲಿಯಕ್ಕಿ. ಮೇಲೆ ಮಾಸಲು ಹಸಿರು, ಕೆಳಗೆ ಹಳದಿ ಛಾಯೆ, ಕಣ್ಣಿನ ಮೇಲೊಂದು ಹುಬ್ಬು, ರೆಕ್ಕೆಯಲ್ಲೊಂದು ಸಣ್ಣ ಗೆರೆ. ಇಷ್ಟು ಸಾದಾ ಹಕ್ಕಿಯನ್ನು ಯಾರು ತಿರುಗಿ ನೋಡುತ್ತಾರೆ? ಆದರೆ ಅದು ಬಂದದ್ದೆಲ್ಲಿಂದ ಗೊತ್ತೇ? ಕಪ್ಪು ಸಮುದ್ರಕ್ಕೂ ಕ್ಯಾಸ್ಪಿಯನ್ ಸಮುದ್ರಕ್ಕೂ ನಡುವೆ ಇರುವ ಕಾಕಸಸ್ ಪರ್ವತಗಳಿಂದ! ಇರಾನ್ ದಾಟಿ, ಮರಳುಗಾಡು ದಾಟಿ, ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಬಂದು ಅತ್ತೆಯ ಮನೆಯ ಬಾವಿ ಪಕ್ಕದ ನೇರಲು ಮರದಲ್ಲಿ ಹುಳ ಹೆಕ್ಕುತ್ತಿದೆ! ಪಾಸ್‌ಪೋರ್ಟಿಲ್ಲ, ನಕ್ಷೆಯಿಲ್ಲ, ಮೊದಲ ಸಲ ಬರುವ ಮರಿಗೆ ದಾರಿ ಹೇಳಲು ಹಿರಿಯರೂ ಜೊತೆಗಿರಬೇಕೆಂದಿಲ್ಲ.

ಇನ್ನೂ ಇದೆ. ಬಂದ ಉಲಿಯಕ್ಕಿ ಬೆಟ್ಟವನ್ನೆಲ್ಲ ಅಲೆಯುವುದಿಲ್ಲ. ಕೆಲವು ಮರಗಳನ್ನು ತನ್ನದೆಂದು ಹಿಡಿದುಕೊಂಡು, ಅದೇ ಜಾತಿಯ ಇನ್ನೊಂದು ಬಂದರೆ ಜಗಳಕ್ಕೆ ನಿಂತು ಓಡಿಸಿ, ಚಳಿಗಾಲವಿಡೀ ಅಲ್ಲೇ ಇರುತ್ತದೆ. ಇದರ ಹತ್ತಿರದ ಬಂಧುಗಳ ಕಾಲಿಗೆ ಬಣ್ಣದ ಬಳೆ ತೊಡಿಸಿ ನೋಡಿದವರಿಗೆ, ಅವೇ ಹಕ್ಕಿಗಳು ಮರುವರ್ಷ ಅದೇ ಜಾಗಕ್ಕೆ ಮರಳಿದ್ದು ಕಂಡಿದೆ. ಭೂಗೋಳದ ಆ ತುದಿಯಿಂದ ಹೊರಟು ಈ ಬೆಟ್ಟದ, ಈ ಮೂಲೆಯ, ಈ ಮರಕ್ಕೆ! ಹೊಸ ಮೊಬೈಲಿನ ನಕ್ಷೆ ಹಾಕಿಕೊಂಡು ಬಂದ ನೆಂಟರು ಇಲ್ಲಿನ ಮೂರು ದಾರಿ ಕೂಡುವಲ್ಲಿ ತಪ್ಪಿಸಿಕೊಂಡು ಪಕ್ಕದ ಊರಿನಲ್ಲಿ ಆಸರಿಗೆ ಕುಡಿದು ಬರುವುದುಂಟು.

"ತಮಾ, ಹಕ್ಕಿ ನೋಡಲೆ ಎಲ್ಲಿಗೂ ಹೋಗದು ಬೇಡ. ಸುಮ್ನೆ ಕೂತ್ಗಂಡಿದ್ರೆ ಅದೇ ಬತ್ತು," ಎನ್ನುತ್ತಾಳೆ ಅತ್ತೆ, ಹಾಲಿನ ಲೋಟ ಕೈಗಿಡುತ್ತ. ಅವಳಿಗೆ ಕಾಕಸಸ್ ಎಲ್ಲಿದೆ ಎಂಬುದು ಬೇಕಿಲ್ಲ. ನವರಾತ್ರಿಗೆ ಮೊದಲು ನೇರಲು ಮರದಲ್ಲಿ 'ಚಿವೀ' ಎನ್ನುವ ಸಣ್ಣದೊಂದು ಸೇರಿಕೊಳ್ಳುತ್ತದೆ, ಯುಗಾದಿ ಕಳೆದ ಮೇಲೆ ಕೇಳಿಸುವುದಿಲ್ಲ ಎಂಬುದು ಗೊತ್ತು. ಪಂಡಿತರ ಪುಸ್ತಕವೂ ಅದನ್ನೇ ಹೇಳುತ್ತದೆ.

ಅಕ್ಟೋಬರಿನಲ್ಲಿ ನವರಂಗ. ಹೆಸರಿಗೆ ತಕ್ಕ ಹಕ್ಕಿ: ಹಸಿರು ಬೆನ್ನು, ನೀಲಿ ಹೆಗಲು, ಕಣ್ಣಿಗೆ ಕಪ್ಪು ಪಟ್ಟಿ, ಬಿಳಿ ಗಂಟಲು, ಗೋಪಿ ಬಣ್ಣದ ಎದೆ, ಬಾಲದ ಕೆಳಗೆ ಕಡುಕೆಂಪು. ಮಳೆಗಾಲದಲ್ಲಿ ಮಧ್ಯ ಭಾರತ ಮತ್ತು ಹಿಮಾಲಯದ ತಪ್ಪಲಿನ ಕಾಡುಗಳಲ್ಲಿ ಸಂಸಾರ ಮುಗಿಸಿ ರಾತ್ರಿ ಹೊತ್ತು ದಕ್ಷಿಣಕ್ಕೆ ಹಾರಿಬರುತ್ತದೆ. ಗಿಡ್ಡ ಬಾಲ, ದುಂಡು ಮೈ. ನೋಡಿದರೆ ದೂರ ಹಾರುವ ಹಕ್ಕಿಯ ಯಾವ ಲಕ್ಷಣವೂ ಇಲ್ಲ. ದಣಿದು ಬಿದ್ದವು ಪೇಟೆಯ ಮನೆಗಳ ಹಿತ್ತಲಲ್ಲಿ, ಶಾಲೆಯ ವರಾಂಡದಲ್ಲಿ ಸಿಕ್ಕಿ ಜನರನ್ನು ಬೆರಗುಗೊಳಿಸುವುದು ಇದೇ ತಿಂಗಳಲ್ಲಿ. ಬೆಟ್ಟ ತಲುಪಿದ್ದು ಮಾತ್ರ ಒಂದೆರಡು ದಿನದಲ್ಲಿ ಚೇತರಿಸಿಕೊಂಡು, ದರಕಿನ ನಡುವೆ ಕುಪ್ಪಳಿಸುತ್ತ ಎಲೆ ಮಗುಚಿ ಹುಳ ಹುಡುಕಲು ತೊಡಗುತ್ತದೆ. ಬೆಳಗು ಹರಿಯುವಾಗ ಒಮ್ಮೆ, ಸಂಜೆ ದೀಪ ಹಚ್ಚುವಾಗ ಒಮ್ಮೆ, ಎರಡು ಸ್ವರದ ಸ್ಪಷ್ಟ ಸಿಳ್ಳೆ. ಒಂದು ಕೂಗಿದರೆ ಕಣಿವೆಯಾಚೆಯಿಂದ ಇನ್ನೊಂದು, ಅದರಾಚೆಯಿಂದ ಮತ್ತೊಂದು. ಹಾಜರಿ ಕೂಗಿ ಮುಗಿದ ಮೇಲೆ ಮೌನ. ತಮಿಳಿನಲ್ಲಿ ಇದನ್ನು ಆರು ಗಂಟೆಯ ಹಕ್ಕಿ ಎಂದೇ ಕರೆಯುತ್ತಾರೆ.

ಕೊನೆಕೊಯ್ಲು ಶುರುವಾದರೆ ನನಗೆ ಹಬ್ಬ. ಅಡಿಕೆ ದರ ಏರಿಳಿಯುವುದು ಮಾವನ ತಲೆನೋವು. ನನ್ನ ಕಣ್ಣು ಕೊನೆಗೌಡನ ಮೇಲೆ. ಮರದಿಂದ ಮರಕ್ಕೆ ಬಾಗಿಸಿ ಜಿಗಿಯುತ್ತ, ಹೊತ್ತು ಏರುವವರೆಗೂ ನೆಲಕ್ಕೆ ಕಾಲಿಡದೆ ದುಡಿಯುವ ಆತ ಕಾಣುವ ಕಾಡು ನಮಗಾರಿಗೂ ಕಾಣದ್ದು. ಹಕ್ಕಿಗಳ ಬೆನ್ನನ್ನು ಮೇಲಿನಿಂದ ನೋಡಬಲ್ಲ ಮನುಷ್ಯ! ನಾವು ಕೆಳಗೆ ನಿಂತು ಕತ್ತು ನೋಯಿಸಿಕೊಂಡು ಹೊಟ್ಟೆಯ ಬಣ್ಣದಲ್ಲಿ ಜಾತಿ ಗುರುತಿಸಲು ಒದ್ದಾಡುತ್ತೇವೆ.

"ಹೆಗಡೇರೆ, ಇಲ್ಲಿ ಮೇಲೆ ಹಕ್ಕಿ ಸಂತೆನೇ ನೆರೆದದೆ!" ಎಂದು ಆತ ಮೇಲಿಂದ ಕೂಗಿದ್ದೇ ಕೊನೆ ಹಿಡಿಯುವವರೂ ಕೈಬಿಟ್ಟು ತಲೆಯೆತ್ತಿದರು. ಬೆಟ್ಟದ ಅಂಚಿನಿಂದ ತೋಟಕ್ಕೆ ಇಳಿದುಬರುತ್ತಿತ್ತು ಒಂದು ಮಿಶ್ರ ಹಿಂಡು. ಮುಂದೆ ಕೆಂಡದ ಬಣ್ಣದ ಚಿತ್ರಪಕ್ಷಿಗಳು, ಹೆಣ್ಣುಗಳು ಹಳದಿ. ಹಣೆಗೆ ಕಪ್ಪು ಮಖಮಲ್ ಮೆತ್ತಿದ ನೀಲಿ ಹಕ್ಕಿ ಕಾಂಡದ ಮೇಲೆ ತಲೆಕೆಳಗಾಗಿ ಓಡುತ್ತಿದೆ. ಹಳದಿ ಹುಬ್ಬಿನ ಪಿಕಳಾರಗಳು ಎಲೆ ಎಲೆ ತಡಕುತ್ತಿವೆ. ಮರಕುಟಿಗ ತೊಗಟೆ ಎಬ್ಬಿಸುತ್ತಿದೆ. ಬಿಳಿ ರೇಷ್ಮೆಯ ರಿಬ್ಬನ್ನು ಎಳೆದುಕೊಂಡು ರಾಜಹಕ್ಕಿ ಅಡ್ಡ ಹಾಯುತ್ತಿದೆ. ಕಾಕಸಸ್ಸಿನ ಉಲಿಯಕ್ಕಿಯೂ ತನ್ನ ಗಡಿ ಬರುವವರೆಗೆ ಜೊತೆ ಸೇರಿದೆ. ನಡುವೆ, ಎಲ್ಲರ ಯಜಮಾನನಂತೆ, ಬಾಲದ ಎರಡು ಉದ್ದ ತಂತಿಗಳ ತುದಿಗೆ ಕರಿಯ ಗರಿಯ ಬಿಲ್ಲೆ ಸಿಕ್ಕಿಸಿಕೊಂಡ ಭೀಮರಾಜ.

ಇದು ಗುಂಪುಗಾರಿಕೆಯಲ್ಲ, ಲೆಕ್ಕಾಚಾರ. ಒಬ್ಬರ ಗದ್ದಲಕ್ಕೆ ಎದ್ದ ಹುಳ ಇನ್ನೊಬ್ಬರ ಊಟ. ಹತ್ತಾರು ಜೋಡಿ ಕಣ್ಣು ಇದ್ದಲ್ಲಿ ಗಿಡುಗ ಗುಟ್ಟಾಗಿ ಬರಲಾರದು. ಭೀಮರಾಜ ಕಾವಲುಗಾರ, ಅಪಾಯ ಕಂಡರೆ ಮೊದಲು ಕೂಗುವವ. ಕಾವಲಿನ ಕೂಲಿಯನ್ನು ಆತ ತಾನೇ ವಸೂಲಿ ಮಾಡುತ್ತಾನೆ: ಬೇರೆಯವರು ಎಬ್ಬಿಸಿದ ಕೀಟವನ್ನು ಗಾಳಿಯಲ್ಲೇ ಹಾರಿಸಿಕೊಂಡು ಹೋಗಿ. ಅದಕ್ಕಿಂತ ಮಜಾ ಅವನ ಗಂಟಲು. ಹತ್ತಿರದ ಹಕ್ಕಿಗಳ ದನಿಯನ್ನೆಲ್ಲ ಕದ್ದಿಟ್ಟುಕೊಂಡಿದ್ದಾನೆ. ಗಿಡುಗನ ಕೂಗು, ಕುಟ್ರು ಹಕ್ಕಿಯ ಕುಟ್ರೂ ಕುಟ್ರೂ, ಬೇರೆ ಹಕ್ಕಿಗಳ ಅಪಾಯದ ಕರೆ, ಎಲ್ಲ ಒಂದರ ಹಿಂದೊಂದು. ಕಣ್ಣು ಮುಚ್ಚಿ ಕೇಳಿ ಪಟ್ಟಿ ಬರೆದರೆ ಏಳೆಂಟು ಹಕ್ಕಿ ಬರೆಯುತ್ತೀರಿ, ಕಣ್ಣು ತೆರೆದರೆ ಒಬ್ಬನೇ ಕೂತಿರುತ್ತಾನೆ. ಹಿಂಡು ತೋಟ ದಾಟಿ ಆಚೆ ದಿಬ್ಬ ಏರಿತು. ಕೊನೆಗೌಡ ಕತ್ತಿ ಬೀಸಿದ. ಕೊನೆ ಸರ್ರನೆ ಹಗ್ಗದಲ್ಲಿ ಇಳಿಯಿತು.

ಚಳಿ ಕಳೆಯುತ್ತ ಬಂದಾಗ ಬೂರುಗ ಎಲೆ ಕಳಚಿ ಹೂ ಬಿಡುತ್ತದೆ, ಹಾಲವಾಣ ಕೆಂಪಾಗುತ್ತದೆ, ಎಲ್ಲ ಬಗೆಯ ಕೊಕ್ಕುಗಳೂ ಮಧುವಿಗೆ ಮುಗಿಬೀಳುತ್ತವೆ. ಗೊರವಂಕ, ಗಿಳಿ, ಸೂರಕ್ಕಿ, ಕಾಗೆ ಕೂಡ. ಆ ಜಾತ್ರೆಯನ್ನು ಎಲ್ಲರೂ ಬರೆದಿದ್ದಾರೆ, ನಾನು ಬಿಡುತ್ತೇನೆ. ಒಂದನ್ನು ಮಾತ್ರ ಹೇಳಿ ಮುಂದೆ ಹೋಗಬೇಕು: ಅಲ್ಲಿಗೆ ಬರುವ ಗುಬ್ಬಿಗಾತ್ರದ ಹಸಿರು ಗಿಳಿಯೊಂದು ರಾತ್ರಿ ಬಾವಲಿಯ ಹಾಗೆ ತಲೆಕೆಳಗಾಗಿ ಜೋತು ನಿದ್ರಿಸುತ್ತದೆ. ಗೂಡಿಗೆ ಎಲೆಯ ಚೂರು ಸಾಗಿಸುವಾಗ ಹೆಣ್ಣು ಅದನ್ನು ಕೊಕ್ಕಿನಲ್ಲಿ ಹಿಡಿಯುವುದಿಲ್ಲ. ಬಾಲದ ಬುಡದ ಗರಿಗಳ ನಡುವೆ ಸಿಕ್ಕಿಸಿಕೊಂಡು ಹಾರುತ್ತದೆ!

ಬೆಟ್ಟದ ಅತಿ ದೊಡ್ಡ ಗುಟ್ಟು ಬಯಲಾದದ್ದು ದರಕು ಗುಡಿಸುವ ಕಾಲದಲ್ಲಿ. ಹೆಂಗಸರು ಸಾಲಾಗಿ ಗುಡಿಸುತ್ತ ಬೆತ್ತದ ಬಲ್ಲೆಯ ಹತ್ತಿರ ಬಂದಾಗ ಒಬ್ಬಳು ತಟ್ಟನೆ ನಿಂತಳು. ಬಳ್ಳಿಗೆ ಸಿಕ್ಕಿಕೊಂಡ ಒಣ ಎಲೆಗಳ ಗೊಂಚಲಿಗೆ ಕಣ್ಣಿದೆ ಎಂದಳು! ಉಳಿದವರು ನಕ್ಕರು. ಆಮೇಲೆ ನೋಡಿದರು. ಆಮೇಲೆ ಯಾರೂ ನಗಲಿಲ್ಲ.

ತಲೆಯೆತ್ತರಕ್ಕಿಂತ ತುಸು ಮೇಲೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಒಂದಕ್ಕೊಂದು ಒತ್ತಿಕೊಂಡು ಎರಡು ಹಕ್ಕಿಗಳು. ಒಂದು ಕಲ್ಲುಹೂವಿನ ಬೂದು, ಇನ್ನೊಂದು ಒಣಗಿದ ಎಲೆಯ ಕೆಂಗಂದು. ಕೊಕ್ಕು ಆಕಾಶಕ್ಕೆ, ಕಣ್ಣು ಗೆರೆಯಷ್ಟು ತೆರೆದು, ಮಿಸುಕದೆ ಕೂತಿವೆ. ಕಪ್ಪೆಬಾಯಿ! ಪಶ್ಚಿಮಘಟ್ಟ ಮತ್ತು ಶ್ರೀಲಂಕಾ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಕಾಣದ ಹಕ್ಕಿ, ಬುಟ್ಟಿ ಹಿಡಿದು ಹೋಗುವ ಹಾದಿಯಲ್ಲಿ! ಬೂದು ಬಣ್ಣದ್ದು ಗಂಡು, ಕಂದಿನದು ಹೆಣ್ಣು. ಬಾಯಿ ತೆರೆದರೆ ಮುಖದಷ್ಟೇ ಅಗಲ, ರಾತ್ರಿ ಹಾರುವ ಪತಂಗಗಳನ್ನು ಹಿಡಿಯಲು. ಹಗಲಿಡೀ ಮಾಡುವ ಕೆಲಸ ಒಂದೇ, ಹಕ್ಕಿಯಲ್ಲದಂತೆ ಕಾಣುವುದು. ಹತ್ತಿರ ಹೋದರೆ ಹಾರುವುದಿಲ್ಲ, ಕೊಕ್ಕನ್ನು ಇನ್ನಷ್ಟು ಮೇಲೆತ್ತಿ ಮುರಿದ ಟೊಂಗೆಯಾಗಿಬಿಡುತ್ತದೆ.

ಅದರ ಸಂಸಾರವನ್ನು ಓದಿ ತಿಳಿದಾಗ ಇನ್ನೂ ಬೆಕ್ಕಸ. ಗೂಡೆಂದರೆ ಟೊಂಗೆಯ ಮೇಲೆ ಪಾಚಿ, ಕಲ್ಲುಹೂವು, ತನ್ನದೇ ಮೈಯ ತುಪ್ಪಳ ಸೇರಿಸಿ ಮೆತ್ತಿದ ಸಣ್ಣ ಬಿಲ್ಲೆ. ಅದರ ಮೇಲೆ ಒಂದೇ ಒಂದು ಬಿಳಿ ಮೊಟ್ಟೆ. ಹಗಲು ಕಾವು ಕೂರುವುದು ಗಂಡಿನ ಪಾಳಿ. ಬೂದು ಮೈ ಬೂದು ಟೊಂಗೆಯ ಮೇಲೆ ಕೂತರೆ ಅಲ್ಲಿ ಗೂಡಿದೆ ಎಂದು ಯಾರಿಗೆ ತಿಳಿಯಬೇಕು? ಮರಿ ಗೂಡು ಬಿಟ್ಟ ಮೇಲೆ ಗಂಡು ಆ ಗೂಡನ್ನು ಕಿತ್ತು ಚೂರು ಮಾಡುತ್ತದೆ! ಸಾಕ್ಷಿ ಉಳಿಯಬಾರದು. ಇಷ್ಟು ಜಾಗ್ರತೆಯ ಜೀವ ದರಕು ಗುಡಿಸುವ ಜಾಗವನ್ನೇ ಏಕೆ ಆರಿಸಿತು? ಬೆತ್ತದ ಮುಳ್ಳಿಗೆ ಹೆದರಿ ಯಾರೂ ಆ ಬಲ್ಲೆಗೆ ಕತ್ತಿ ಹಾಕಿಲ್ಲ, ನನಗೆ ತೋಚುವ ಕಾರಣ ಇಷ್ಟೇ. ಹೆಂಗಸರು ಅಂದಿನಿಂದ ಆ ಮೂಲೆಯನ್ನು ಬಿಟ್ಟು ಗುಡಿಸುತ್ತಾರೆ. ಮಾವನಿಗೆ ಎರಡು ಬುಟ್ಟಿ ದರಕು ನಷ್ಟ, ಅದನ್ನವರು ಬಂದ ನೆಂಟರಿಗೆಲ್ಲ ಹೆಮ್ಮೆಯಿಂದಲೇ ಹೇಳುತ್ತಾರೆ.

ಮಾರ್ಚ್ ಬಂತು, ಬೆಟ್ಟ ಕಾದಿತು. ಮತ್ತಿ ಮರದ ಕವಲಿನಲ್ಲಿ ಇರುವೆಗಳು ಕಟ್ಟಿದ ಕರಿಯ ಗೂಡು, ಮುಟ್ಟಿದರೆ ಸಾವಿರಾರು ಇರುವೆ ಹೊಟ್ಟೆ ಎತ್ತಿಕೊಂಡು ಕಚ್ಚಲು ಬರುತ್ತವೆ. ಆ ಗೂಡಿನ ಪಕ್ಕದಲ್ಲೊಂದು ದುಂಡು ತೂತು. ತೂತಿನಿಂದ ಹೊರಗೆ ಇಣುಕಿದ್ದು ಒಂದು ಕೊಕ್ಕು! ಕಂದು ಮರಕುಟಿಗ ತನ್ನ ಮೊಟ್ಟೆಯಿಡುವುದು ಮರದ ಪೊಟರೆಯಲ್ಲಲ್ಲ, ಜೀವಂತ ಇರುವೆಗೂಡಿನ ಒಳಗೆ. ಅದೇ ಇರುವೆಗಳನ್ನು ತಿನ್ನುವ ಹಕ್ಕಿ, ಅವುಗಳ ಮನೆಯಲ್ಲೇ ಬಾಣಂತನ ಮಾಡುತ್ತದೆ. ಕಚ್ಚಿದ ಇರುವೆಗಳ ತಲೆಗಳು ಬಾಲದ ಗರಿಗೆ ಅಂಟಿಕೊಂಡೇ ಇರುತ್ತವೆ. ಅಷ್ಟು ಕಾವಲುಗಾರರಿರುವ ಮನೆಗೆ ಕೈ ಹಾಕುವ ಮೊಟ್ಟೆಗಳ್ಳ ಯಾರು? ಇರುವೆಗಳು ಮೊಟ್ಟೆ ಮರಿಗಳನ್ನು ಮುಟ್ಟದೆ ಬಿಡುವುದು ಹೇಗೆ ಎಂದು ಮಾತ್ರ ನನ್ನನ್ನು ಕೇಳಬೇಡಿ. ಆ ತೂತನ್ನು ನೋಡಿದಾಗಲೆಲ್ಲ ನಾನೂ ಅದನ್ನೇ ಕೇಳಿಕೊಳ್ಳುತ್ತೇನೆ.

ಇನ್ನು ಬೆಟ್ಟದ ನೆತ್ತಿಗೆ ಹೋಗೋಣ, ಏಪ್ರಿಲ್ ಕೊನೆಯ ಬಿಸಿಲಿಗೆ. ಉಳಿದ ಮರಗಳೆಲ್ಲ ವರ್ಷ ವರ್ಷ ಸೊಪ್ಪು ಕೊಟ್ಟು ಗಿಡ್ಡವಾಗಿ, ಗಂಟುಗಂಟಾಗಿ ನಿಂತಿವೆ. ನೆತ್ತಿಯ ಒಂದು ಮರ ಮಾತ್ರ ಮುಗಿಲಿಗೆ ಹೋಗಿದೆ. ಮೂರು ಜನ ಕೈಕೈ ಹಿಡಿದರೂ ಕಾಂಡ ಅಪ್ಪಲಾಗದು. ಅದರ ಬುಡದಲ್ಲಿ ಕುಂಕುಮ ಮೆತ್ತಿದ ಕಲ್ಲು, ಚೌಡಿಯದು. ಕತ್ತಿ ಅಲ್ಲಿಯವರೆಗೆ ಏರಿಲ್ಲ, ಏರುವ ಧೈರ್ಯ ಯಾರಿಗೂ ಇಲ್ಲ. ಎತ್ತರದಲ್ಲಿ, ಹಿಂದೆಂದೋ ಟೊಂಗೆ ಮುರಿದು ಕೊಳೆತಲ್ಲಿ, ಪೊಟರೆ. ಪೊಟರೆಯ ಬಾಯಿ ಮುಚ್ಚಿದೆ, ಉದ್ದನೆಯ ಒಂದು ಸೀಳು ಬಿಟ್ಟು.

ಸದ್ದು ಮೊದಲು ಬರುತ್ತದೆ. ಹೂಶ್, ಹೂಶ್, ಹೂಶ್, ಕಣಿವೆಯಾಚೆಯಿಂದಲೇ ಕೇಳುವ ರೆಕ್ಕೆಯ ಉಸಿರು. ಅಡಿಕೆ ಚಂಡೆಗಳ ಮೇಲೆ ಕರಿಬಿಳಿ ನೆರಳು ಹಾಯುತ್ತದೆ. ದೊಡ್ಡ ಮಂಗಟ್ಟೆ! ತಲೆಯ ಮೇಲೆ ಹಳದಿ ಕಿರೀಟ, ಕೆಂಪು ಕಣ್ಣಿನ ಗಂಡು. ಬಂದು ಸೀಳಿನ ಪಕ್ಕ ಕಾಂಡಕ್ಕೆ ಕಚ್ಚಿ ಕೂತು, ಕತ್ತು ಕುಲುಕಿ ಗಂಟಲಿನಿಂದ ಒಂದು ಬಸರಿ ಹಣ್ಣು ಕೊಕ್ಕಿನ ತುದಿಗೆ ತಂದಿತು. ಸೀಳಿನಿಂದ ಇನ್ನೊಂದು ಕೊಕ್ಕಿನ ತುದಿ ಹೊರಬಂತು, ಹಣ್ಣು ಒಳಗೆ ಹೋಯಿತು. ಮತ್ತೊಂದು ಹಣ್ಣು. ಮತ್ತೊಂದು. ಇಷ್ಟೊಂದು ಹಣ್ಣು ಆ ಗಂಟಲಲ್ಲಿ ಎಲ್ಲಿತ್ತು!

ಒಳಗಿರುವುದು ಹೆಣ್ಣು. ಚಳಿಗಾಲದ ಕೊನೆಗೆ ಒಳಹೊಕ್ಕು, ತನ್ನ ಹಿಕ್ಕೆಯನ್ನೇ ಗಾರೆ ಮಾಡಿ ಬಾಗಿಲನ್ನು ತಾನೇ ಒಳಗಿನಿಂದ ಮುಚ್ಚಿಕೊಂಡಿದೆ. ಒಳಗೆ ಹಾರುವ ಗರಿಗಳನ್ನೆಲ್ಲ ಉದುರಿಸಿಕೊಂಡು, ಬೇಕೆಂದರೂ ಹಾರಲಾಗದ ಸ್ಥಿತಿಯಲ್ಲಿ, ಸುಮಾರು 40 ದಿನ ಮೊಟ್ಟೆಗೆ ಕಾವು ಕೊಟ್ಟಿದೆ. ಹೊರಗಿನ ಒಬ್ಬನ ಮೇಲೆ ಇಬ್ಬರ ಪ್ರಾಣ. ಅವನನ್ನು ಯಾರೋ ಹೊಡೆದರೆ ಒಳಗಿನವರ ಗತಿ ಅಷ್ಟೇ. ಮರಿ ಅರ್ಧ ಬೆಳೆದು, ಹೊಸ ಗರಿ ಬಂದ ಮೇಲೆ ತಾಯಿ ಗಾರೆ ಒಡೆದು ಹೊರಗೆ ಬರುತ್ತದೆ. ಆಗ ಒಳಗೆ ಒಂಟಿಯಾಗಿ ಉಳಿದ ಮರಿ ಏನು ಮಾಡುತ್ತದೆ ಗೊತ್ತೇ? ಒಡೆದ ಬಾಗಿಲನ್ನು ತಾನೇ ಮತ್ತೆ ಗಾರೆ ಮೆತ್ತಿ ಮುಚ್ಚಿಕೊಳ್ಳುತ್ತದೆ! ಹಗಲನ್ನು ಒಂದು ಸೀಳಿನಲ್ಲಷ್ಟೇ ಕಂಡ ಮರಿ, ಯಾರೂ ಕಲಿಸದೆ!

ಅತ್ತೆ ಈ ಮರದಡಿಗೆ ಬರುವುದು ಮೇಲೆ ನೋಡಲಲ್ಲ. ಸೀಳಿನಿಂದ ಹೊರಗೆ ಬೀಳುವ ಬೀಜಗಳು ಬುಡದಲ್ಲಿ ಮೊಳೆಯುತ್ತವೆ. ಬಸರಿ, ಬೈನೆ, ರಾಳದೂಪ, ಎಲ್ಲಕ್ಕಿಂತ ಮುಖ್ಯವಾಗಿ ರಾಮಪತ್ರೆ. ಕೆಂಪು ಪತ್ರೆಯ ಆಸೆಗೆ ಮಂಗಟ್ಟೆ ಬೀಜ ಸಮೇತ ನುಂಗಿ, ಬೀಜವನ್ನು ಉಗುಳುತ್ತದೆ. ದೊಡ್ಡ ಬೀಜ, ಸಣ್ಣ ಹಕ್ಕಿಯ ಬಾಯಿಗೆ ಹೋಗದ್ದು. ಮೊದಲ ಮಳೆ ಬಿದ್ದ ಮೇಲೆ ಅತ್ತೆ ಹಾಳೆಯ ಕೊಟ್ಟೆ ಹಿಡಿದು ಬಂದು ಎರಡೆಲೆಯ ಸಸಿಗಳನ್ನು ಮಣ್ಣು ಸಮೇತ ಕಿತ್ತು ಒಯ್ದು ಹಳ್ಳದಂಚಿಗೆ ನೆಡುತ್ತಾಳೆ. ಹೀಗೆ ನೆಟ್ಟ ಹಿಂದಿನ ಮರಗಳು ಈಗ ಕಾಯಿ ಬಿಡುತ್ತಿವೆ.

"ನರ್ಸರಿಯಲ್ಲಿ ಒಂದು ಸಸಿಗೆ ಎಷ್ಟು ದುಡ್ಡು ಹೇಳು ನೋಡನ?" ಎಂದಳು ಕೊಟ್ಟೆ ನನ್ನ ಕೈಗೆ ದಾಟಿಸುತ್ತ. ಮೇಲಿಂದ ಇನ್ನೊಂದು ಬೀಜ ಠಣ್ಣನೆ ಚೌಡಿ ಕಲ್ಲಿನ ಮೇಲೆ ಬಿತ್ತು. "ಅಕ, ಅದ್ನೂ ಹೆಕ್ಕಿ ಹಾಕ್ಯ!"